ಎಟಿಮೆಗಾ328ಪಿ ಸೀರಿಯಲ್‌ನಲ್ಲಿ ಬರೀ ಕಸ ಬರ್ತಿದೆ, ಎಲ್ಲಿ ತಪ್ಪಿದೆ?

ನೀವು ಹೇಳಿದ್ದು ಇಷ್ಟು: ಹೊಸ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್, ಲೈಬ್ರರಿ ಏನೂ ಇಲ್ಲ, 16 ಮೆಗಾಹರ್ಟ್ಸ್ ಕ್ರಿಸ್ಟಲ್. 9600 ಬಾಡ್‌ಗೆಂದು (ಸೆಕೆಂಡಿಗೆ 9600 ಬಿಟ್) ವೇಗ ನಿರ್ಧರಿಸುವ ಯುಬಿಆರ್‌ಆರ್ ರಿಜಿಸ್ಟರ್‌ಗೆ 103 ಬರೆದಿದ್ದೀರಿ. ಟರ್ಮಿನಲ್‌ನಲ್ಲಿ ಮಾತ್ರ ಅರ್ಥವಿಲ್ಲದ ಅಕ್ಷರಗಳು. ಸಿ ಭಾಷೆಯ ಪ್ರಿಂಟ್‌ಎಫ್ ಹೇಗೆ ಸೇರಿಸೋದು ಅಂತಲೂ ಕೇಳಿದ್ದೀರಿ.

103 ಸರಿಯಾದ ಲೆಕ್ಕವೇ. ನನ್ನ ಅನುಮಾನ ಕ್ಲಾಕ್ ಮೇಲೆ. ಹೊಸ ಚಿಪ್ ತನ್ನೊಳಗಿನ 8 ಮೆಗಾಹರ್ಟ್ಸ್ ಆಸಿಲೇಟರನ್ನು ಎಂಟರಿಂದ ಭಾಗಿಸಿಕೊಂಡು 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಫ್ಯೂಸ್ (ಯಾವ ಕ್ಲಾಕ್ ಬಳಸಬೇಕೆಂದು ಚಿಪ್‌ಗೆ ಹೇಳುವ ಸೆಟ್ಟಿಂಗ್) ಬದಲಿಸುವ ತನಕ ಪಕ್ಕದ ಕ್ರಿಸ್ಟಲ್ ಸುಮ್ನೆ ಕೂತಿರುತ್ತದೆ. ಆಗ ಅದೇ 103ಕ್ಕೆ ಸಿಗೋದು ಸುಮಾರು 600 ಬಾಡ್. ಟರ್ಮಿನಲನ್ನು 600ಕ್ಕೆ ಇಟ್ಟು ನೋಡಿ. ಓದಲು ಬಂದರೆ ತೊಂದರೆ ಇದೇ.

ಇದೇ ಕಾರಣಕ್ಕೆ ನಾನು ಎರಡು ಸಂಜೆ ಸರಿಯಾದ ಕೋಡನ್ನೇ ತಿದ್ದುತ್ತಾ ಕೂತಿದ್ದೆ. ಈಗ ಹೊಸ ಬೋರ್ಡ್ ಯಾವುದೇ ಇರಲಿ, ಮೊದಲು ಇಂಗ್ಲಿಷಿನ ದೊಡ್ಡ 'ಯು' ಅಕ್ಷರವನ್ನೇ ಬಿಡದೆ ಕಳಿಸುತ್ತೇನೆ. ಅದರ ಬಿಟ್‌ಗಳು ಒಂದು ಬಿಟ್ಟು ಒಂದು 1, 0 ಆಗಿವೆ. ಸ್ಟಾರ್ಟ್, ಸ್ಟಾಪ್ ಬಿಟ್ ಸೇರಿದರೆ ಡೇಟಾ ಹೊರಹೋಗುವ ಟಿಎಕ್ಸ್ ಪಿನ್ನಲ್ಲಿ ಸಮನಾದ ಚೌಕದ ಅಲೆ ಕಾಣುತ್ತದೆ. ಸ್ಕೋಪ್ ಅಥವಾ ಲಾಜಿಕ್ ಅನಲೈಸರ್‌ನಲ್ಲಿ ಒಂದು ಬಿಟ್ 104 ಮೈಕ್ರೋಸೆಕೆಂಡ್ ಇರಬೇಕು. 1660ರ ಹತ್ತಿರ ಬಂದರೆ ಕ್ಲಾಕ್ 16 ಪಟ್ಟು ನಿಧಾನ ಅಂತ ಅರ್ಥ.

ಫ್ಯೂಸ್ ಬರೆಯುವಾಗ ಜೋಪಾನ. 'ಎಕ್ಸ್‌ಟರ್ನಲ್ ಕ್ಲಾಕ್' ಬೇರೆ, 'ಎಕ್ಸ್‌ಟರ್ನಲ್ ಕ್ರಿಸ್ಟಲ್' ಬೇರೆ. ಮೊದಲನೆಯದನ್ನು ಆರಿಸಿದರೆ, ಹೊರಗಿನಿಂದ ಕ್ಲಾಕ್ ಕೊಡುವ ತನಕ ಚಿಪ್ ಪ್ರೋಗ್ರಾಮರ್‌ಗೂ ಉತ್ತರ ಕೊಡುವುದಿಲ್ಲ. ಹಾಗೇ ಎರಡೂ ಕಡೆಯ ಗ್ರೌಂಡ್ ಸೇರಿದೆಯಾ ನೋಡಿ. ಸೇರದಿದ್ದರೂ ಕಸ ಬರಬಹುದು.

ಸದ್ಯಕ್ಕೆ 9600 ಬಿಟ್ಟು ಹೋಗಬೇಡಿ. 16 ಮೆಗಾಹರ್ಟ್ಸ್‌ನಲ್ಲಿ ಅದರ ತಪ್ಪು ಬರೀ 0.2 ಶೇಕಡಾ. 115200ಕ್ಕೆ ಹೋದರೆ 3.5 ಶೇಕಡಾ, ವೇಗ ದುಪ್ಪಟ್ಟು ಮಾಡುವ ಯು2ಎಕ್ಸ್ ಬಿಟ್ ಹಾಕಿದರೂ 2.1. ಅದು ಜಾಸ್ತಿಯೇ ಅಲ್ವಾ?

ಉಳಿದದ್ದು ಸುಲಭ. ಕಳಿಸಲು ಜಾಗ ಖಾಲಿ ಇದೆ ಅಂತ ಹೇಳುವ ಯುಡಿಆರ್‌ಇ ಬಿಟ್ 1 ಆಗುವ ತನಕ ಕಾದು, ಡೇಟಾ ರಿಜಿಸ್ಟರ್ ಆದ ಯುಡಿಆರ್‌ಗೆ ಬೈಟ್ ಬರೆಯಿರಿ. ಓದುವಾಗ ಬೈಟ್ ಬಂದಿದೆ ಅಂತ ಹೇಳುವ ಆರ್‌ಎಕ್ಸ್‌ಸಿ ಬಿಟ್‌ಗೆ ಕಾದು ಅದೇ ಯುಡಿಆರ್‌ನಿಂದ ಓದಿ. ಒಳಬರುವ ಬಫರ್‌ನಲ್ಲಿ ಎರಡೇ ಬೈಟ್‌ಗೆ ಜಾಗ. ಮುಖ್ಯ ಲೂಪ್‌ನಲ್ಲಿ ಉದ್ದದ ಡಿಲೇ ಇದ್ದರೆ ಅಕ್ಷರಗಳು ಕಳೆದುಹೋಗುತ್ತವೆ, ಆಗ ಇಂಟರಪ್ಟ್ ಮತ್ತು ಬಂದ ಬೈಟ್‌ಗಳನ್ನು ಸರದಿಯಲ್ಲಿ ಹಿಡಿದಿಡುವ ರಿಂಗ್ ಬಫರ್ ಬೇಕು. ಪ್ರಿಂಟ್‌ಎಫ್‌ಗೆ ಒಂದು ಅಕ್ಷರ ಕಳಿಸುವ ಫಂಕ್ಷನ್ ಬರೆದು, ಎವಿಆರ್ ಲಿಬ್‌ಸಿಯಲ್ಲಿ (ಈ ಚಿಪ್‌ಗಳ ಸಿ ಲೈಬ್ರರಿ) ಅದನ್ನು ಪ್ರಿಂಟ್‌ಎಫ್ ಬರೆಯುವ ಎಸ್‌ಟಿಡಿಔಟ್‌ಗೆ ಜೋಡಿಸಿದರೆ ಸಾಕು. ಆದರೆ ಆ 'ಯು' ಸರಿಯಾಗಿ ಬರುವ ತನಕ ಅದಕ್ಕೆ ಕೈ ಹಾಕಬೇಡಿ.