ಹೋಟೆಲ್ ಬಿಲ್ಲಿನ ಎರಡು ಸಾಲು

ಹಾವೇರಿ ಜಿಲ್ಲೆಯ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬರು ಪತ್ರದ ಜೊತೆ ಒಂದು ಚಿತ್ರ ಬಿಡಿಸಿ ಕಳಿಸಿದ್ದಾರೆ: ಮೂರು ಮೆಟ್ಟಿಲು. ಮೇಲೆ ಕೇಂದ್ರ, ನಡುವೆ ರಾಜ್ಯ, ಕೆಳಗೆ ಪಂಚಾಯಿತಿ. "ದೆಹಲಿ ಹೇಳಿದ್ದನ್ನು ಬೆಂಗಳೂರು ಕೇಳಲೇಬೇಕು ಎಂದಾದರೆ ಇದನ್ನು ಒಕ್ಕೂಟ ವ್ಯವಸ್ಥೆ ಅಂತ ಯಾಕೆ ಓದಬೇಕು ಸರ್? ನನ್ನ ಚಿತ್ರ ಸರಿ ಇದೆಯಾ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮುಂದಿನ ಸಲ ಹೋಟೆಲಿಗೆ ಹೋದಾಗ ಬಿಲ್ಲು ಇಸಿದುಕೊಂಡು ನೋಡಿ. ತಿಂಡಿ, ಕಾಫಿ ಸೇರಿ 120 ರೂಪಾಯಿ. ಅದರ ಕೆಳಗೆ ಸಿಜಿಎಸ್‌ಟಿ, ಅಂದರೆ ಕೇಂದ್ರದ ಸರಕು ಮತ್ತು ಸೇವಾ ತೆರಿಗೆ, ಶೇ 2.5, ಮೂರು ರೂಪಾಯಿ. ಎಸ್‌ಜಿಎಸ್‌ಟಿ, ಅಂದರೆ ಅದೇ ತೆರಿಗೆಯ ರಾಜ್ಯದ ಭಾಗ, ಶೇ 2.5, ಇನ್ನೊಂದು ಮೂರು ರೂಪಾಯಿ. ಒಂದೇ ದೋಸೆಗೆ ಇಬ್ಬರು ತೆರಿಗೆ ಹಾಕಿದ್ದಾರೆ. ರಾಜ್ಯದ ಆ ಮೂರು ರೂಪಾಯಿ ಕೇಂದ್ರ ಕೊಟ್ಟ ಸಂಬಳವಲ್ಲ, ಸಂವಿಧಾನವೇ ರಾಜ್ಯಕ್ಕೆ ಕೊಟ್ಟ ಹಕ್ಕು. ನಿಮ್ಮ ತಾಲ್ಲೂಕಿನ ತಹಶೀಲ್ದಾರರು ಜಿಲ್ಲಾಧಿಕಾರಿಯ ಕೈಕೆಳಗಿನವರು, ನಿಜ. ಆದರೆ ಮುಖ್ಯಮಂತ್ರಿ ಪ್ರಧಾನಿಯ ಕೈಕೆಳಗಿನವರಲ್ಲ. ಇಬ್ಬರ ಅಧಿಕಾರವೂ ಸಂವಿಧಾನದಿಂದಲೇ ಬಂದದ್ದು.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿಷಯಗಳನ್ನು ಹಂಚಿರುವ ಮೂರು ಪಟ್ಟಿಗಳನ್ನು ನೀವು ಓದಿರುತ್ತೀರಿ. ರೈಲು, ರಕ್ಷಣೆ ಕೇಂದ್ರಕ್ಕೆ, ಪೊಲೀಸ್, ಕೃಷಿ ರಾಜ್ಯಕ್ಕೆ, ಮೂರನೆಯದು ಸಮವರ್ತಿ, ಅಂದರೆ ಇಬ್ಬರೂ ಕಾಯ್ದೆ ಮಾಡಬಹುದಾದದ್ದು. ನೀವು ಓದುತ್ತಿರುವ ಶಿಕ್ಷಣವೇ 1976ರವರೆಗೆ ಮುಖ್ಯವಾಗಿ ರಾಜ್ಯದ ವಿಷಯವಾಗಿತ್ತು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಅದನ್ನೂ ಅರಣ್ಯವನ್ನೂ ಸಮವರ್ತಿ ಪಟ್ಟಿಗೆ ಸರಿಸಿತು. ಆ ಪಟ್ಟಿಯ ವಿಷಯದಲ್ಲಿ ಎರಡು ಕಾಯ್ದೆಗಳಿಗೆ ತಿಕ್ಕಾಟ ಬಂದರೆ ಸಾಮಾನ್ಯವಾಗಿ ಸಂಸತ್ತಿನ ಕಾಯ್ದೆಯೇ ಗೆಲ್ಲುತ್ತದೆ. ರಾಜ್ಯವೊಂದರ ಗಡಿ, ಹೆಸರು ಬದಲಿಸುವ ಅಧಿಕಾರವೂ ಸಂಸತ್ತಿನದೇ. ಆ ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಹಾಗಾಗಿ ನಿಮ್ಮ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಕೇಂದ್ರ ಬಲವಾದದ್ದು, ಕೆಲವು ಕಡೆ ಬೇಕಾದ್ದಕ್ಕಿಂತ ಹೆಚ್ಚು ಬಲವಾದದ್ದು ಎಂದೇ ನನ್ನ ಅಭಿಪ್ರಾಯ.

ಆ ಬಲಕ್ಕೆ ಲಗಾಮು ಹಾಕಿದ ಪ್ರಕರಣ ನಮ್ಮ ರಾಜ್ಯದ್ದೇ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂಬ 19 ಶಾಸಕರ ಪತ್ರಗಳು ರಾಜ್ಯಪಾಲರಿಗೆ ತಲುಪಿದವು. ಏಪ್ರಿಲ್ 20ರಂದು ಅವರಲ್ಲಿ ಏಳು ಮಂದಿ ತಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಸದನ ಕರೆಯಿರಿ, ಬಹುಮತ ಅಲ್ಲೇ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು, ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ 356ನೇ ವಿಧಿಯಡಿ ಸರ್ಕಾರ ವಜಾ ಆಯಿತು. ಹೈಕೋರ್ಟಿನಲ್ಲಿ ಸೋತ ಬೊಮ್ಮಾಯಿ ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಒಕ್ಕೂಟ ಸ್ವರೂಪ ಸಂವಿಧಾನದ ಮೂಲ ಸಂರಚನೆಗೆ, ಅಂದರೆ ತಿದ್ದುಪಡಿಯಿಂದಲೂ ಕೆಡವಲಾಗದ ಬುನಾದಿಗೆ, ಸೇರಿದ್ದು. ಹೋದ ಸರ್ಕಾರ ಬೊಮ್ಮಾಯಿಯವರಿಗೆ ವಾಪಸ್ ಸಿಗಲಿಲ್ಲ. ಆ ಹೊತ್ತಿಗೆ ಬೇರೆ ಚುನಾವಣೆಯೇ ನಡೆದುಹೋಗಿತ್ತು. ಆದರೆ ಇವತ್ತು ಯಾವ ರಾಜ್ಯದಲ್ಲಿ ವಿಶ್ವಾಸಮತದ ಗದ್ದಲ ಎದ್ದರೂ ವಕೀಲರು ಮೊದಲು ಎತ್ತುವ ಹೆಸರು ಬೊಮ್ಮಾಯಿ.

ದುಡ್ಡಿನ ವಿಷಯಕ್ಕೂ ಬರೋಣ, ಜಗಳವೆಲ್ಲ ಇರುವುದು ಅಲ್ಲೇ. ಕೇಂದ್ರ, ರಾಜ್ಯಗಳೆರಡೂ ಕೂತು ಈ ತೆರಿಗೆಯ ದರ ಚರ್ಚಿಸುವ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು. ತೀರ್ಮಾನಕ್ಕೆ ನಾಲ್ಕನೇ ಮೂರು ಬೇಕು. ನೀವೇ ಲೆಕ್ಕ ಹಾಕಿ: ರಾಜ್ಯಗಳೆಲ್ಲ ಒಟ್ಟಾದರೂ ಕೇಂದ್ರವನ್ನು ಬಿಟ್ಟು ಏನೂ ಮಾಡಲಾಗದು, ಅರ್ಧಕ್ಕಿಂತ ಹೆಚ್ಚು ರಾಜ್ಯಗಳ ಬೆಂಬಲವಿಲ್ಲದೆ ಕೇಂದ್ರಕ್ಕೂ ಆಗದು. ಇನ್ನು ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು. ಈ ಹಂಚಿಕೆಯನ್ನು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 15ನೆಯದು ಅದನ್ನು ಶೇ 41ಕ್ಕೆ ನಿಗದಿ ಮಾಡಿತು. ಅದರೊಳಗೆ ಕರ್ನಾಟಕದ ಪಾಲು ಹಿಂದಿನ ಆಯೋಗದಲ್ಲಿದ್ದ ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಬಡ ರಾಜ್ಯಗಳಿಗೆ ಹೆಚ್ಚು ಹೋಗಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ತೆರಿಗೆಯ ಮೇಲೆ ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್‌ಚಾರ್ಜ್ ಹಂಚಿಕೆಯ ಲೆಕ್ಕಕ್ಕೇ ಬಾರದಿರುವುದನ್ನು ಒಪ್ಪಲಾರೆ.

ನಿಮ್ಮ ಚಿತ್ರಕ್ಕೆ ಮರಳೋಣ. ಕೇಂದ್ರದ ಮೆಟ್ಟಿಲನ್ನು ಅಳಿಸಿ, ರಾಜ್ಯದ ಪಕ್ಕದಲ್ಲಿ ಒಂದು ಕಂಬವಾಗಿ ಬರೆಯಿರಿ. ಸ್ವಲ್ಪ ದಪ್ಪಗೇ ಇರಲಿ. ಕೆಳಗಿನ ಪಂಚಾಯಿತಿಯನ್ನು ಮಾತ್ರ ಅಲ್ಲೇ ಬಿಡಿ. 73ನೇ ತಿದ್ದುಪಡಿ ಅದಕ್ಕೆ ಸಂವಿಧಾನದಲ್ಲಿ ಜಾಗ ಕೊಟ್ಟಿದೆ, ಐದು ವರ್ಷಕ್ಕೊಮ್ಮೆ ಚುನಾವಣೆಯ ಖಾತರಿಯನ್ನೂ ಕೊಟ್ಟಿದೆ. ಆದರೆ ಯಾವ ಅಧಿಕಾರ, ಎಷ್ಟು ಎಂಬುದನ್ನು ಬರೆಯುವ ಪೆನ್ನು ಇಂದಿಗೂ ವಿಧಾನಸೌಧದಲ್ಲಿದೆ.