ಐದು ಜನರ ಸಂಸ್ಥೆಗೆ ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ನಿಮ್ಮದು ಐದು ಜನರ ಸ್ವಯಂಸೇವಾ ಸಂಸ್ಥೆ, ವರದಿ ಬರೆಯುವುದರಲ್ಲೇ ದಿನ ಮುಗಿದುಹೋಗುತ್ತದೆ, ಯಾವ ಸಾಫ್ಟ್‌ವೇರ್ ಕೊಳ್ಳೋಣ ಅಂತ ಕೇಳಿದ್ದೀರಿ. ಮೈಸೂರಿನಲ್ಲಿ ಅಂಥದ್ದೇ ಒಂದು ಸಂಸ್ಥೆಯ ಕಚೇರಿ ಕೆಲಸ ನಾನು ನೋಡಿಕೊಳ್ಳುತ್ತೇನೆ. ಸದ್ಯಕ್ಕೆ ಏನೂ ಕೊಳ್ಳಬೇಡಿ. ಒಂದೇ ವಿಷಯವನ್ನು ಎಷ್ಟು ಕಡೆ ಬರೆಯುತ್ತಿದ್ದೀರಿ ಅಂತ ಒಂದು ವಾರ ಎಣಿಸಿ.

ನಮ್ಮಲ್ಲಿ ನಾಲ್ಕು ಕಡೆ ಆಗುತ್ತಿತ್ತು. ಎಚ್.ಡಿ. ಕೋಟೆಯ ಹಾಡಿಗಳಿಗೆ (ಆದಿವಾಸಿಗಳ ಊರುಗಳಿಗೆ) ಹೋಗುವ ಕಾರ್ಯಕರ್ತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆ ಪುಟದ ಫೋಟೋ ವಾಟ್ಸಾಪ್‌ಗೆ ಬರುತ್ತಿತ್ತು. ಅದನ್ನು ನಾನು ಎಕ್ಸೆಲ್‌ಗೆ ಏರಿಸುತ್ತಿದ್ದೆ. ತಿಂಗಳ ಕೊನೆಗೆ ಮತ್ತೆ ದಾನಿಗಳ ವರದಿಗೆ ಬರೆಯುವುದು. ಒಂದು ಸಲ ಮಗುವಿನ ತೂಕ 8 ಕಿಲೋ ಇದ್ದದ್ದು ನನ್ನ ಕೈಯಲ್ಲಿ 3 ಆಯಿತು. ಆವತ್ತು ನಿಜಕ್ಕೂ ಹೆದರಿದೆ.

ಈಗ ಫೋನ್‌ನಲ್ಲೇ ಫಾರಂ ತುಂಬಿ ಮಾಹಿತಿ ಸೇರಿಸುವ ಕೋಬೋಟೂಲ್‌ಬಾಕ್ಸ್ ಬಳಸುತ್ತೇವೆ. ಸಣ್ಣ ಸ್ವಯಂಸೇವಾ ಸಂಸ್ಥೆಗಳಿಗೆ ಒಂದು ಮಿತಿಯವರೆಗೆ ಅದು ಉಚಿತ. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು. ಹಾಡಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಫಾರಂ ತುಂಬಿಟ್ಟು, ಸಿಗ್ನಲ್ ಸಿಕ್ಕ ಕಡೆ ಕಳಿಸಬಹುದು. ನಮಗೆ ಗೂಗಲ್ ಫಾರ್ಮ್ಸ್ ಸೋತದ್ದು ಇಲ್ಲೇ, ಅದಕ್ಕೆ ನೆಟ್ ಬೇಕೇ ಬೇಕು.

ಮೊದಲ ಫಾರಂನಲ್ಲಿ 60 ಪ್ರಶ್ನೆ ಹಾಕಿದ್ದೆ. "ಇದೆಲ್ಲ ಯಾರು ಓದ್ತಾರೆ ಸಾರ್?" ಅಂತ ಕಾರ್ಯಕರ್ತೆ ಕೇಳಿದರು. ಕೂತು ನೋಡಿದರೆ ಬಹುಪಾಲು ಪ್ರಶ್ನೆಗಳ ಉತ್ತರ ಯಾರಿಗೂ ಬೇಕಿರಲಿಲ್ಲ. 14ಕ್ಕೆ ಇಳಿಸಿದೆವು. ಸಮಯ ಉಳಿದದ್ದು ಆ್ಯಪ್‌ನಿಂದ ಎಷ್ಟೋ, ಈ ಕತ್ತರಿಯಿಂದಲೂ ಅಷ್ಟೇ. ಮೊದಲ ತಿಂಗಳು ಪುಸ್ತಕವನ್ನೂ ಬಿಡಬೇಡಿ. ಫೋನ್ ಕೈಗೆ ಹೊಂದಲು ಅಷ್ಟು ದಿನ ಬೇಕು.

ಇನ್ನು ಫೈಲ್‌ಗಳು. ನಮ್ಮಲ್ಲೊಬ್ಬರು ಕೆಲಸ ಬಿಟ್ಟಾಗ ಹಳೆಯ ಫೋಟೋಗಳೆಲ್ಲ ಅವರ ಸ್ವಂತ ಜಿಮೇಲ್‌ನಲ್ಲೇ ಉಳಿದವು. ತಪ್ಪು ಅವರದಲ್ಲ, ಬೇರೆ ಜಾಗವನ್ನೇ ನಾವು ಕೊಟ್ಟಿರಲಿಲ್ಲ. ನೋಂದಣಿಯಾದ ಟ್ರಸ್ಟ್ ಅಥವಾ ಸೊಸೈಟಿ ನಿಮ್ಮದಾದರೆ ಇಂಥ ಸಂಸ್ಥೆಗಳಿಗೆಂದೇ ಇರುವ ಗೂಗಲ್ ಫಾರ್ ನಾನ್‌ಪ್ರಾಫಿಟ್ಸ್‌ಗೆ ಅರ್ಜಿ ಹಾಕಿ. ಪರಿಶೀಲನೆ ಮುಗಿದರೆ ವರ್ಕ್‌ಸ್ಪೇಸ್ (ಸಂಸ್ಥೆಯ ಹೆಸರಲ್ಲೇ ಮೇಲ್, ಡ್ರೈವ್ ಕೊಡುವ ಗೂಗಲ್ ಸೇವೆ) ಉಚಿತವಾಗಿ ಸಿಗುತ್ತದೆ. ಅದರ ಶೇರ್ಡ್ ಡ್ರೈವ್‌ನಲ್ಲಿ ಇಟ್ಟ ಫೈಲ್ ಸಂಸ್ಥೆಯದೇ ಆಗಿರುತ್ತದೆ, ಯಾರು ಬಿಟ್ಟು ಹೋದರೂ ಇರುತ್ತದೆ.

ಹಳೆಯ ವರದಿಗಳು ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿದ್ದರೆ ಡ್ರೈವ್‌ಗೆ ಹಾಕುವ ಮುಂಚೆ ಯೂನಿಕೋಡ್‌ಗೆ (ಈಗಿನ ಫೋನು, ಕಂಪ್ಯೂಟರುಗಳೆಲ್ಲ ಓದುವ ಅಕ್ಷರ ಕ್ರಮಕ್ಕೆ) ಬದಲಾಯಿಸಿ. ಇಲ್ಲದಿದ್ದರೆ ಹಾಡಿಯ ಹೆಸರು ಕೊಟ್ಟು ಹುಡುಕಿದರೂ ಸಿಗುವುದಿಲ್ಲ. ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನೂ ಅಂಕಿಗಳನ್ನೂ ಒಮ್ಮೆ ಕಣ್ಣಿಟ್ಟು ನೋಡಿ.