ಅಭ್ಯಾಸಕ್ಕೊಂದು ಗೂಟ ಬೇಕು

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ನನಗೀಗ 43 ವರ್ಷ. ನೀರ್ಚಾಲಿನ ಬಳಿ ಮನೆ, ಕಾಸರಗೋಡು ಪೇಟೆಯಲ್ಲಿ ಬ್ಯಾಂಕ್ ಕೆಲಸ. ಕಳೆದ ವರ್ಷ ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ತಿಳಿದ ಮೇಲೆ ಜನವರಿ ಒಂದರಂದು ಸಂಕಲ್ಪ ಮಾಡಿದೆ. ಹೆಜ್ಜೆ ಎಣಿಸುವ ಕೈಗಡಿಯಾರ ಕೊಂಡೆ, ಜಿಮ್ಮಿಗೆ ಆರು ತಿಂಗಳ ಹಣ ಕಟ್ಟಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಬೇಕು, 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಓದಿದ್ದೆ. ಹದಿನಾರನೆಯ ದಿನ ಅಜ್ಜನ ತಿಥಿ ಬಂದು ತಪ್ಪಿತು. ಶಿವರಾತ್ರಿಯ ಹೊತ್ತಿಗೆ ಎಲ್ಲವೂ ನಿಂತಿತು. ನನ್ನ ತಾಯಿಗೆ 76. ಈಗಲೂ ಬೆಳಗ್ಗೆ ತೋಟಕ್ಕಿಳಿದು ಅಡಿಕೆ ಹೆಕ್ಕುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. ಅವರಿಗಿದ್ದ ಮನೋಬಲ ನಮ್ಮ ತಲೆಮಾರಿಗಿಲ್ಲ. ಶಿಸ್ತು, ಮನೋಬಲಗಳನ್ನು ಬೆಳೆಸಿಕೊಳ್ಳುವ ಬಗ್ಗೆ ಒಂದು ಲೇಖನಮಾಲೆ ಪ್ರಕಟಿಸಬೇಕೆಂದು ವಿನಂತಿ.

— ನೀರ್ಚಾಲಿನ ಓದುಗ

ಸಂಪಾದಕರ ಉತ್ತರ

ಪ್ರಿಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಮರುಕ ಬಂತು, ಎರಡನೆಯ ಸಲ ಸಿಟ್ಟು ಬಂತು. ತಪ್ಪು ತಿಳಿಯಬೇಡಿ. ನಡಿಗೆ ನಿಂತದ್ದಕ್ಕೆ ನನಗೆ ಸಿಟ್ಟಿಲ್ಲ. ನಿಂತ ನಡಿಗೆಗೆ ನೀವು ಕೊಟ್ಟ ಕಾರಣ ಇದೆಯಲ್ಲ, ‘ಮನೋಬಲ ಇಲ್ಲ’ ಎಂಬುದು, ಅದನ್ನು ನಾನು ಈ ಮೇಜಿನ ಮುಂದೆ ಕುಳಿತು ಎಷ್ಟು ಪತ್ರಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಓದಿದ, ದುಡಿಯುವ, ಮನೆಮಂದಿಯನ್ನು ಪ್ರೀತಿಯಿಂದ ನೋಡಿಕೊಳ್ಳುವ ಜನ ತಮ್ಮನ್ನು ತಾವೇ ಹೀಗೆ ಹಳಿದುಕೊಳ್ಳುವುದನ್ನು ಕಂಡು ಸುಮ್ಮನಿರಲು ನನ್ನಿಂದಾಗುವುದಿಲ್ಲ. ಆದ್ದರಿಂದ ನೀವು ಕೇಳಿದ ಲೇಖನಮಾಲೆಯನ್ನು ಪ್ರಕಟಿಸುವುದಿಲ್ಲ. ಬದಲಿಗೆ ಈ ಉದ್ದದ ಉತ್ತರ.

ಅಳತೆಯೇ ಬೇಡವೆನ್ನುವವನು ನಾನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆಗೂಡಿ ನಡೆದ ಮಧುಮೇಹ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂತು. ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ, ಕೇರಳದಲ್ಲಿ ಶೇ. 25.5. ನಿಮ್ಮ ಬ್ಯಾಂಕಿನ ಸಾಲಿನಲ್ಲಿ ನಿಂತವರನ್ನು ನಾಲ್ಕು ನಾಲ್ಕಾಗಿ ಎಣಿಸಿ ನೋಡಿ, ಗೊತ್ತಾಗುತ್ತದೆ. ನೀವು ರಕ್ತ ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು. ವೈದ್ಯರು ಹೇಳಿದಾಗಲೆಲ್ಲ ಮಾಡಿಸಿ, ಮಾತ್ರೆ ಬರೆದುಕೊಟ್ಟರೆ ತಪ್ಪಿಸಬೇಡಿ. ಅಳತೆಯ ಪರವಾಗಿ ಇಷ್ಟು ಸಾಕು.

ಈಗ ನಿಮ್ಮನ್ನು ಸೋಲಿಸಿದ ಆ ಎರಡು ಅಂಕಿಗಳ ಹುಟ್ಟನ್ನು ನೋಡೋಣ. ಟೋಕಿಯೋ ಒಲಿಂಪಿಕ್ಸ್ ನಡೆದದ್ದು 1964ರಲ್ಲಿ. ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ಮಾರಾಟಕ್ಕಿಟ್ಟಿತು. ಅದಕ್ಕಿಟ್ಟ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ಹೇಳಲು ಸೊಗಸಾದ, ಮಾರಲು ಅನುಕೂಲವಾದ ಅಂಕಿ. ವೈದ್ಯರು ಎಣಿಸಿ ಕಂಡುಕೊಂಡದ್ದಲ್ಲ. ಅಮೆರಿಕದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಹಿರಿಯ ಮಹಿಳೆಯರ ನಡಿಗೆಯನ್ನು ಅಳೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಸಾವು ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಇನ್ನು 21 ದಿನದ ಕಥೆ. ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಮುಖದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ವೈದ್ಯರು. ರೋಗಿಗಳಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆಯೆಂದರೂ ಸುಮಾರು 21 ದಿನ ಬೇಕಾಗುತ್ತದೆಂದು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ದಾಟುವಾಗ ‘ಕಡಿಮೆಯೆಂದರೂ’ ಉದುರಿಹೋಯಿತು, ಮೂಗು ಸರಿಪಡಿಸಿಕೊಂಡವರ ಲೆಕ್ಕವನ್ನು ಬೆಳಗಿನ ನಡಿಗೆಗೂ ಹಾಕಿಬಿಟ್ಟರು. ಅಭ್ಯಾಸವನ್ನೇ ನೇರವಾಗಿ ಅಳೆದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು. 96 ಮಂದಿ ಒಂದೊಂದು ಸಣ್ಣ ಕೆಲಸವನ್ನು ಆರಿಸಿಕೊಂಡು, ದಿನವೂ ಒಂದೇ ಸಂದರ್ಭದಲ್ಲಿ, ಉದಾಹರಣೆಗೆ ಬೆಳಗಿನ ತಿಂಡಿಯ ನಂತರ, ಹನ್ನೆರಡು ವಾರ ಮಾಡಿದರು. ಅದು ತಾನಾಗಿ ನಡೆಯುವಂತಾಗಲು ಬೇಕಾದದ್ದು ಸರಾಸರಿ 66 ದಿನ. ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254 ದಿನ ಬೇಕೆಂಬ ಅಂದಾಜು. ನಿಮಗೆ ತಲುಪಬೇಕಾದ ಮಾತು ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅವರಿಗೆ ದೊಡ್ಡ ನಷ್ಟವೇನೂ ಆಗಲಿಲ್ಲ. ಅಜ್ಜನ ತಿಥಿಯ ದಿನ ನೀವು ಏನನ್ನೂ ಕಳೆದುಕೊಂಡಿರಲಿಲ್ಲ. ಕಳೆದುಕೊಂಡೆನೆಂದು ನಂಬಿದಿರಿ.

ಹಟ್ಟಿಯಲ್ಲಿ ಕರುವನ್ನು ಕಟ್ಟುವವರಿಗೆ ಗೊತ್ತು. ಗೂಟ ಗಟ್ಟಿಯಿದ್ದರೆ ಹಗ್ಗ ಸಪೂರವಾದರೂ ನಡೆಯುತ್ತದೆ. ಗೂಟವೇ ಇಲ್ಲದಿದ್ದರೆ ಎಂಥ ಹಗ್ಗ ಹೊಸೆದೇನು? ನೀವು ಶಿವರಾತ್ರಿಯವರೆಗೆ ಹಗ್ಗ ಹೊಸೆದಿರಿ. ದಿನದ ಯಾವ ಕೆಲಸಕ್ಕೆ ಆ ನಡಿಗೆಯನ್ನು ಕಟ್ಟಿದ್ದಿರಿ? ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ.

ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದಯಾಘಾತ ಎಷ್ಟೋ ಕಡಿಮೆಯೆಂದು ಅವರು ಕಂಡುಕೊಂಡರು. ಅದೇ ಬಸ್ಸು, ಅದೇ ಹೊಗೆ, ಅದೇ ಪಾಳಿ. ಚಾಲಕ ದಿನವಿಡೀ ಕುಳಿತಿರುತ್ತಿದ್ದ, ನಿರ್ವಾಹಕ ದಿನಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದ. ಆ ನಿರ್ವಾಹಕ ಯಾವ ಸಂಕಲ್ಪ ಮಾಡಿದ್ದ? ಮೇಲಂತಸ್ತಿನಲ್ಲಿ ಟಿಕೆಟ್ ಕೊಡಬೇಕಾಗಿತ್ತು, ಹತ್ತಿದ. ಟಿಕೆಟ್ಟೇ ಅವನ ಗೂಟ.

ನಮ್ಮ ಹಿರಿಯರ ಬುದ್ಧಿಯೂ ಇದೇ. ಕೇರಳದ ವೈದ್ಯ ಪರಂಪರೆ ತಲೆಯ ಮೇಲೆ ಹೊತ್ತುಕೊಂಡ ಅಷ್ಟಾಂಗಹೃದಯವೆಂಬ ಆಯುರ್ವೇದ ಗ್ರಂಥದಲ್ಲಿ, ಸೂತ್ರಸ್ಥಾನವೆಂಬ ಮೊದಲ ಭಾಗದ ಎರಡನೆಯ ಅಧ್ಯಾಯವೇ ದಿನಚರಿ. ಏಳುವುದು, ಹಲ್ಲುಜ್ಜುವುದು, ಎಣ್ಣೆ ತಿಕ್ಕುವುದು, ವ್ಯಾಯಾಮ, ಸ್ನಾನ ಹೀಗೆ ಒಂದರ ಬಾಲವನ್ನು ಇನ್ನೊಂದು ಹಿಡಿದು ಬರುತ್ತದೆ. ಬಲವುಳ್ಳವರೂ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಅದೂ ಚಳಿಗಾಲ ಮತ್ತು ವಸಂತದಲ್ಲಿ, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಎನ್ನುತ್ತಾನೆ ಅದನ್ನು ಬರೆದ ವಾಗ್ಭಟ. ಮೊದಲ ದಿನದಿಂದಲೇ ಹತ್ತು ಸಾವಿರ ಹೆಜ್ಜೆಯ ಬೆನ್ನು ಹತ್ತಿದ ನಿಮಗೆ ಈ ಮಾತು ಮೊದಲೇ ಸಿಕ್ಕಿದ್ದರೆ ಚೆನ್ನಾಗಿತ್ತು.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುವುದಿಲ್ಲ. ನಮ್ಮ ಮನೆಯ ಜಗಲಿಯಲ್ಲಿ, ಬಾಗಿಲಿನ ಬಲಗಡೆ, ಗೋಡೆಗೆ ತಾಗಿಸಿಟ್ಟ ಹಿತ್ತಾಳೆಯ ಹರಿವಾಣವೊಂದಿತ್ತು. ವೀಳ್ಯದೆಲೆ, ಅಡಕತ್ತರಿ, ಸುಣ್ಣದ ಡಬ್ಬಿ, ಹೊಗೆಸೊಪ್ಪು. ತಂದೆಯವರು ಊಟ ಮುಗಿಸಿ ಜಗಲಿಗೆ ಬಂದು ಕೂರುವುದೇ ತಡ, ಕಣ್ಣು ರಸ್ತೆಯ ಕಡೆಗಿದ್ದರೂ ಕೈ ಹರಿವಾಣಕ್ಕೆ ಹೋಗುತ್ತಿತ್ತು. ಬಾಯಿಯೊಳಗೆ ಬಿಳಿ ಮಚ್ಚೆ ಎದ್ದಾಗ ಮಂಗಳೂರಿನ ದಂತವೈದ್ಯರು ಕವಳ ಬಿಡಲೇಬೇಕೆಂದರು. ತಂದೆಯವರು ಮಧೂರಿನ ಗಣಪತಿಗೆ ಹರಕೆ ಹೇಳಿಕೊಂಡರು. ಒಂಬತ್ತು ದಿನ ನಡೆಯಿತು. ಇನ್ನೊಮ್ಮೆ ಮಕ್ಕಳ ಮೇಲೆ ಆಣೆ ಮಾಡಿದರು, ಅದೂ ಮುರಿಯಿತು. ಆ ದಿನಗಳಲ್ಲಿ ಅವರ ಮುಖ ನೋಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಏನೂ ಮಾತನಾಡದೆ ಆ ಹರಿವಾಣವನ್ನು ಹುಣಿಸೆಹುಳಿ ಹಾಕಿ ಬೆಳಗಿದರು, ಏಣಿ ಇಟ್ಟು ಅಟ್ಟಕ್ಕೇರಿಸಿದರು. ಅದೇ ಜಾಗದಲ್ಲಿ ಒಂದು ಸ್ಟೀಲಿನ ಬಟ್ಟಲಿಟ್ಟು, ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಚೂರುಗಳನ್ನು ತುಂಬಿಸಿದರು. ತಂದೆಯವರು ಉಂಡು ಬಂದರು, ಕುಳಿತರು, ಕೈ ಚಾಚಿದರು. ನೆಲ್ಲಿಕಾಯಿ ಸಿಕ್ಕಿತು. ಅದನ್ನು ಸ್ವಲ್ಪ ಹೊತ್ತು ಬೆರಳುಗಳ ನಡುವೆ ತಿರುಗಿಸಿ ನೋಡಿದರು, ಬಾಯಿಗೆ ಹಾಕಿಕೊಂಡರು. ನೆಂಟರು ಬಂದಾಗ ಅಮ್ಮ ಹರಿವಾಣವನ್ನು ಇಳಿಸುತ್ತಿದ್ದರು, ಅವರು ಅಂಗಳ ದಾಟಿದೊಡನೆ ಪುನಃ ಏರಿಸುತ್ತಿದ್ದರು. ಪೂರ್ತಿಯಾಗಿ ಬಿಡಲು ಒಂದು ವರ್ಷದ ಮೇಲೆ ಹಿಡಿಯಿತು. ಆದರೆ ಬಿಟ್ಟರು. ಹರಕೆ, ಆಣೆಗಳಿಂದ ಆಗದ್ದು ಹರಿವಾಣದ ಜಾಗ ಬದಲಾದ್ದರಿಂದ ಆಯಿತು. ಗೂಟ ಅದೇ, ಊಟದ ನಂತರದ ಜಗಲಿ. ಅಮ್ಮ ಬದಲಾಯಿಸಿದ್ದು ಅದಕ್ಕೆ ಕಟ್ಟಿದ ಕರುವನ್ನು.

ಇಲ್ಲಿ ಒಂದು ಮಾತನ್ನು ನುಂಗಿಕೊಳ್ಳಲಾರೆ. ಹೊಗೆಸೊಪ್ಪು ಬೇಡ, ಬರೀ ಅಡಿಕೆಯಿಂದ ಏನೂ ಆಗುವುದಿಲ್ಲ ಎಂದು ನಮ್ಮ ಊರಿನಲ್ಲಿ ಈಗಲೂ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಿಮಗೂ ತೋಟವಿದೆ, ನನಗೂ ಇದೆ. ಮಕ್ಕಳ ಓದಿನ ಹಣ ಅದೇ ಮರಗಳಿಂದ ಬಂದದ್ದು. ಹಾಗಿದ್ದರೂ ಹೇಳಬೇಕಾದ್ದನ್ನು ಹೇಳಬೇಕು.

ಇನ್ನು ನಿಮ್ಮ ತಾಯಿಯವರ ವಿಷಯ. ಅವರಿಗೆ ಮನೋಬಲವಿದೆ ಎಂದು ಬರೆದಿದ್ದೀರಿ. ಅವರನ್ನೇ ಕೇಳಿ ನೋಡಿ, ವ್ಯಾಯಾಮಕ್ಕೆಂದು ಒಂದು ದಿನವಾದರೂ ತೋಟಕ್ಕಿಳಿದಿದ್ದೀರಾ ಎಂದು. ನಗುತ್ತಾರೆ. ಹಣ್ಣಡಿಕೆ ರಾತ್ರಿ ಬಿದ್ದಿರುತ್ತದೆ, ಬೆಳಗ್ಗೆ ಹೆಕ್ಕಬೇಕು, ಅಷ್ಟೇ. ಬುಟ್ಟಿ ಹಿಡಿದು ದರೆಯ ಮೆಟ್ಟಿಲಿಳಿಯುವುದು, ಸಂಕ ದಾಟುವುದು, ಒಂದೊಂದು ಅಡಿಕೆಗೂ ಸೊಂಟ ಬಗ್ಗಿಸಿ ಏಳುವುದು, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಬೀಳುವಲ್ಲಿ ಕಾಲು ತೊಳೆದು ಮೇಲೆ ಬರುವುದು. ಬರುವಾಗ ಸೆರಗಿನಲ್ಲಿ ಒಂದು ಹಿಡಿ ಒಂದೆಲಗ. ಅದು ಮಧ್ಯಾಹ್ನದ ತಂಬುಳಿಗೆ. ಇಷ್ಟನ್ನೂ ಬೇಡವೆನ್ನುತ್ತಿದ್ದೀರಲ್ಲ, ನಿಮ್ಮ ಮೇಲೆ ನನಗಿರುವ ನಿಜವಾದ ಆಕ್ಷೇಪ ಇದು. ಮಳೆ ಬಿದ್ದು ಪಾಚಿ ಕಟ್ಟಿದ ಮೆಟ್ಟಿಲಾದರೆ ತಡೆಯಿರಿ, ಕೈಹಿಡಿಯಲು ಒಂದು ಬಿದಿರು ಕಟ್ಟಿಸಿ. ಬೇಸಗೆಯ ಬೆಳಗಿನಲ್ಲಿ ಆ ತಾಯಿಯನ್ನು ಟಿ.ವಿ. ಮುಂದೆ ಕೂರಿಸುವುದು ಸೇವೆಯಲ್ಲ.

ನಡಿಗೆ ನಿಂತದ್ದಕ್ಕೆ ನಿಮ್ಮೊಬ್ಬರನ್ನೇ ಹೊಣೆ ಮಾಡುವುದೂ ಅನ್ಯಾಯ. ನಾವು ಶಾಲೆಗೆ ಗದ್ದೆಯ ಹುಣಿಯ ಮೇಲೆ ನಡೆದುಹೋದವರು. ಈಗ ಮನೆಯ ಅಂಗಳಕ್ಕೇ ಶಾಲೆಯ ವ್ಯಾನು ಬರುತ್ತದೆ, ಆಟದ ಪೀರಿಯಡ್ಡನ್ನು ಗಣಿತ ನುಂಗುತ್ತದೆ. ತಲಪಾಡಿಯಿಂದ ಇತ್ತ ಹೆದ್ದಾರಿ ಆರು ಪಥವಾಯಿತು. ವಾಹನಗಳಿಗೆ ಸುಖವಾಯಿತು, ಸಂತೋಷ. ಆದರೆ ಎದುರು ಕಾಣುವ ಅಂಗಡಿಯಿಂದ ಹಾಲು ತರಲು ಕೆಳಸೇತುವೆ ಹುಡುಕಿಕೊಂಡು ಹೋಗಬೇಕಾದ ಮುದುಕರು ಈಗ ಆಟೋ ಕರೆಯುತ್ತಾರೆ ಅಥವಾ ಮನೆಯಲ್ಲೇ ಕೂರುತ್ತಾರೆ. ದಿನದ ನಡಿಗೆಯ ಗೂಟಗಳನ್ನೆಲ್ಲ ಕಿತ್ತ ಮೇಲೆ ನಡೆಯಿರಿ ಎಂದು ಫಲಕ ಹಾಕಿದರೆ ಯಾರು ನಡೆದಾರು?

ಫಲಕವಾದರೂ ಓದಲು ಬರುವ ಭಾಷೆಯಲ್ಲಿದೆಯೇ? ನಮ್ಮ ನೆರೆಮನೆಯ ಅಕ್ಕನಿಗೆ ಎಪ್ಪತ್ತು ದಾಟಿದೆ. ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ಒಂದು ಆರೋಗ್ಯ ಕೇಂದ್ರದಲ್ಲಿ ಅವರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟರು, ಹೇಗೆ ತೆಗೆದುಕೊಳ್ಳಬೇಕೆಂದು ಲಕೋಟೆಯ ಮೇಲೆ ಮಲಯಾಳದಲ್ಲಿ ಬರೆದರು. ಊಟಕ್ಕೆ ಮೊದಲು ತೆಗೆದುಕೊಳ್ಳಬೇಕಾದ ಮಾತ್ರೆಯನ್ನು ಅವರು ತಿಂಗಳುಗಟ್ಟಲೆ ಊಟದ ಮೇಲೆ ನುಂಗಿದರು. ದಿನವೂ ಹೊತ್ತಿಗೆ ಸರಿಯಾಗಿ, ದೇವರ ದೀಪ ಹಚ್ಚಿದಷ್ಟೇ ನಿಷ್ಠೆಯಿಂದ. ಇಲ್ಲಿ ಯಾವ ಮನೋಬಲದ ಕೊರತೆಯಿತ್ತು? ಕೇರಳದ ಆರೋಗ್ಯ ವ್ಯವಸ್ಥೆ ಮನೆಬಾಗಿಲಿಗೆ ತಲುಪುತ್ತದೆ, ಆಶಾ ಕಾರ್ಯಕರ್ತೆಯರು ಬಿಸಿಲಿನಲ್ಲಿ ಗುಡ್ಡ ಹತ್ತಿ ಬರುತ್ತಾರೆ, ಅವರಿಗೆ ಕೈಮುಗಿಯುತ್ತೇನೆ. ಆದರೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿಯವರೆಗೆ ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ನಾವು ಶಾಲೆ, ಉದ್ಯೋಗದ ಪರೀಕ್ಷೆ, ಕಚೇರಿಯ ಅರ್ಜಿ ಎಂದೇ ಮಾತನಾಡಿದೆವು. ಮಾತ್ರೆಯ ಲಕೋಟೆಯನ್ನು ಮರೆತೆವು. ಸಭೆಗಳಲ್ಲಿ ಕನ್ನಡಕ್ಕಾಗಿ ಕಂಠ ಬಿರಿಯುವಂತೆ ಮಾತನಾಡುವವರು ಒಮ್ಮೆ ತಮ್ಮ ಅಜ್ಜಿಯ ಔಷಧದ ಡಬ್ಬಿಯನ್ನು ತೆರೆದು ನೋಡಲಿ.

ನೀವು ಎರಡೂ ಭಾಷೆ ಬಲ್ಲವರು, ಅಕ್ಷರವೂ ದುಂಡಗಿದೆ. ಆದ್ದರಿಂದ ನಿಮಗೆ ಎರಡು ಕೆಲಸ ಹೇಳುತ್ತೇನೆ. ನಾಳೆಯಿಂದ ಬೆಳಗಿನ ಕಾಫಿ ಕುಡಿದ ಲೋಟವನ್ನು ಕೆಳಗಿಟ್ಟೊಡನೆ ಇನ್ನೊಂದು ಬುಟ್ಟಿ ಹಿಡಿದು ತಾಯಿಯ ಹಿಂದೆ ತೋಟಕ್ಕಿಳಿಯಿರಿ. ಕೈಗಡಿಯಾರ ಬೇಕಿದ್ದರೆ ಇರಲಿ, ಬೇಡದಿದ್ದರೆ ಬಿಡಿ. ಒಂದು ದಿನ ತಪ್ಪಿದರೆ ಮರುದಿನ ಇಳಿಯಿರಿ. ಎರಡನೆಯದು, ನಿಮ್ಮ ಆಸುಪಾಸಿನ ಮನೆಗಳಲ್ಲಿ ಹಿರಿಯರ ಮಾತ್ರೆಯ ಲಕೋಟೆಗಳನ್ನು ನೋಡಿ, ‘ಊಟಕ್ಕೆ ಮೊದಲು’, ‘ಊಟದ ನಂತರ’, ‘ಮಲಗುವ ಮುನ್ನ’ ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ. ಅನುಮಾನ ಬಂದರೆ ಔಷಧ ಕೊಟ್ಟವರನ್ನೇ ಕೇಳಿ ಬರೆಯಿರಿ. ಆ ಚೀಟಿಗಳ ಒಂದು ಪ್ರತಿಯನ್ನು ನಮ್ಮ ಕಚೇರಿಗೆ ಕಳುಹಿಸಿ. ಅಚ್ಚು ಹಾಕಿಸಿ ಮುಂದಿನ ಸಂಚಿಕೆಯ ಜೊತೆ ಎಲ್ಲ ಓದುಗರಿಗೂ ಹಂಚುತ್ತೇವೆ. ಕಾಗದದ ಖರ್ಚು ನಮ್ಮದು.

— ಸಂಪಾದಕ